ಹಬೆಯಿಲ್ಲದ ಬಟ್ಟಲು

ಮಾರ್ಚ್ ೫, ೧೯೫೧

ಇವತ್ತಿನಿಂದ ನಾನು ಗಂಜಿ ಕೇಂದ್ರದ ಮೇಲ್ವಿಚಾರಕಿ. ಹೆಸರೇನೋ ದೊಡ್ಡದು, ಕೆಲಸ ಮಾತ್ರ ಎಂಬತ್ತು ಮಕ್ಕಳು ಗದ್ದಲ ಮಾಡದಂತೆ ನೋಡಿಕೊಳ್ಳುವುದು. ಸೊಕ್‌ಚೊನ್ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಮಾಡಿದ್ದೂ ಅದನ್ನೇ. ಶಾಲೆಗೆ ಬಾಂಬು ಬಿದ್ದ ಮೇಲೆ ಊರಿನಲ್ಲಿ ಚಾವಣಿ ಉಳಿದಿರುವ ದೊಡ್ಡ ಕಟ್ಟಡವೆಂದರೆ ಅಕ್ಕಿ ಹೆಂಡ ಮಾಡುತ್ತಿದ್ದ ಈ ಶೆಡ್ಡು ಒಂದೇ. ಗೋಡೆಗಳಿಗೆ ಇನ್ನೂ ಹುಳಿ ವಾಸನೆಯಿದೆ. ಇದು ಸೈನ್ಯದ ಜಾಗವಲ್ಲವೆಂದು ವಿಮಾನದವರಿಗೆ ಕಾಣಲಿ ಎಂದು ಚಾವಣಿಯ ಮೇಲೆ ಬಿಳಿ ಬಟ್ಟೆ ಹಾಸಿ ಕಲ್ಲು ಹೇರಿದ್ದಾರೆ.

ಪರಿಹಾರ ಕಚೇರಿಯವರು ಬಾಗಿಲಿಗೆ ಮೂರು ನಿಯಮ ಅಂಟಿಸಿ ಹೋದರು. ಗಂಜಿ ಮಕ್ಕಳಿಗೆ ಮಾತ್ರ, ದೊಡ್ಡವರು ಒಳಗೆ ಬರಬಾರದು. ಇಲ್ಲೇ ಕುಳಿತು ತಿನ್ನಬೇಕು, ಹೊರಗೆ ಒಯ್ಯಬಾರದು. ಕೆಲಸದವರಿಗೆ ದಿನಕ್ಕೊಂದು ಬಟ್ಟಲು. ದೊಡ್ಡವರಿಗೆ ಕೊಡಲು ಶುರುಮಾಡಿದರೆ ಮಕ್ಕಳ ಪಾಲು ಹೇಗೆ ಕರಗುತ್ತದೆಂದು ಅವರು ಬೇರೆ ಊರುಗಳಲ್ಲಿ ನೋಡಿದ್ದಾರಂತೆ. ನನಗೆ ನಿಯಮಗಳೆಂದರೆ ಇಷ್ಟ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

ಮಕ್ಕಳ ಅಂಗಿಗೆ ನಂಬರು ಹೊಲಿದಿದ್ದೇವೆ. ಹೆಸರು ಕಲಿಯುವ ಗೋಜಿಲ್ಲ.

ನನ್ನ ಬಟ್ಟಲನ್ನು ಮನೆಗೆ ತಂದು, ಒಲೆಯ ಶಾಖ ಬರುವ ಕಡೆ ನೆಲದ ಮೇಲೆ ಹೊದಿಕೆಯಡಿ ಇಟ್ಟೆ. ನನ್ನ ಮಗ ಜುನ್‌ಹಾ ಸೈನ್ಯಕ್ಕೆ ಹೋಗಿ ಏಳು ತಿಂಗಳು. ಐದು ತಿಂಗಳಿಂದ ಕಾಗದವಿಲ್ಲ. ಮನೆಯಿಂದ ದೂರ ಇರುವವರ ಪಾಲನ್ನು ಬೆಚ್ಚಗಿಡುವುದು ನಮ್ಮ ಕಡೆ ಎಲ್ಲ ತಾಯಂದಿರೂ ಮಾಡುವುದೇ. ಬೆಳಗ್ಗೆ ತಣ್ಣಗಾದದ್ದನ್ನು ನಾನು ತಿನ್ನುತ್ತೇನೆ.

ಮಾರ್ಚ್ ೭

ಹಾಲಿನ ಪುಡಿ ಬಂತು. ಅಡುಗೆಯವಳಾದ ಡೊಕ್‌ಸು ಅಮ್ಮ ಮೂಸಿ ನೋಡಿ, "ಹಸುವಿನ ಹಾಲು ಕರುವಿಗೆ. ನಮ್ಮ ಮಕ್ಕಳೇನು ಕರುಗಳಾ ಟೀಚರಮ್ಮ?" ಎಂದಳು. ಕಚೇರಿಯವರು ಹೇಳಿದಂತೆ ನೀರಿಗೆ ಕಲಸಿ ಕೊಟ್ಟೆವು. ಸಂಜೆಯೊಳಗೆ ಎಂಬತ್ತಕ್ಕೆ ಎಂಬತ್ತೂ ಹೊಟ್ಟೆ ಹಿಡಿದುಕೊಂಡು ಹೊಳೆಯ ಕಡೆ ಓಡಿದವು. ನಾಳೆಯಿಂದ ಬಾರ್ಲಿ ಗಂಜಿಗೆ ಸ್ವಲ್ಪ ಸ್ವಲ್ಪವೇ ಬೆರೆಸುವುದು ಎಂದು ಅವಳೇ ತೀರ್ಮಾನಿಸಿದಳು. ಬಾಯಿ ಜೋರು, ಆದರೆ ತಲೆ ಇದೆ.

ಮಾರ್ಚ್ ೧೮

ಕೇಂದ್ರ ತೆರೆದ ದಿನ ತೂಗಿ ಬರೆದಿಟ್ಟ ಮೇಲೆ ಇದು ಮೊದಲ ತೂಕ. ಅಕ್ಕಿ ಮೂಟೆ ತೂಗುವ ತಕ್ಕಡಿಯನ್ನು ತೊಲೆಗೆ ಕಟ್ಟಿ, ಬುಟ್ಟಿಯಲ್ಲಿ ಒಂದೊಂದೇ ಮಗುವನ್ನು ಕೂರಿಸಿ ತೂಗಿದೆವು. ಎರಡು ವಾರ ಗಂಜಿ ತಿಂದರೂ ದೊಡ್ಡ ಮಕ್ಕಳಲ್ಲಿ ಯಾರೂ ಏರಿಲ್ಲ. ತೀರಾ ಚಿಕ್ಕವು ಮಾತ್ರ ಚೂರು ಏರಿವೆ. ಮೂವತ್ತೊಂದನೇ ನಂಬರು, ಒಂಬತ್ತು ವರ್ಷದ ಹುಡುಗಿ, ಇನ್ನೂ ಇಳಿದಿದ್ದಾಳೆ.

ಕಚೇರಿಯಿಂದ ಪತ್ರವೂ ಬಂದಿದೆ. ಏಪ್ರಿಲ್ ಮುಗಿಯುವುದರೊಳಗೆ ಮಕ್ಕಳ ತೂಕ ಏರದಿದ್ದರೆ ಇಲ್ಲಿ ಏನೋ ಸರಿಯಿಲ್ಲವೆಂದು ತಿಳಿದು ಕೇಂದ್ರ ಮುಚ್ಚಿ, ಪಾಲನ್ನು ಬೇರೆ ಊರಿಗೆ ಕಳಿಸುತ್ತಾರಂತೆ. ಬಾರ್ಲಿ ಕೊಯ್ಲಿಗೆ ಇನ್ನೂ ಎರಡೂವರೆ ತಿಂಗಳಿದೆ. ಅದಕ್ಕೆ ಮೊದಲೇ ಈ ಗಂಜಿ ನಿಂತುಹೋದರೆ ಎಂಬತ್ತರಲ್ಲಿ ಎಷ್ಟು ಉಳಿಯುತ್ತವೆ ಎಂದು ಲೆಕ್ಕ ಹಾಕಲು ನನಗೆ ಧೈರ್ಯ ಬರಲಿಲ್ಲ.

ಮಾರ್ಚ್ ೨೫

ತೂಕ ಮತ್ತೆ ಏರಿಲ್ಲ. ಗಂಜಿ ಎಲ್ಲಿಗೋ ಹೋಗುತ್ತಿದೆ. ಹಂಡೆಯ ಹತ್ತಿರ ಇರುವವಳು ಒಬ್ಬಳೇ.

ಡೊಕ್‌ಸು ಅಮ್ಮ ಹೊರಡುವಾಗ ಎಲ್ಲರ ಎದುರಿಗೇ ನಿಲ್ಲಿಸಿ ಗಂಟು ಬಿಚ್ಚು ಎಂದೆ. ಅವಳು ನನ್ನನ್ನು ಒಂದು ಸಲ ನೋಡಿದಳು. ಆಮೇಲೆ ಕುಳಿತು ನಿಧಾನವಾಗಿ ಬಿಚ್ಚಿದಳು. ಒಳಗಿದ್ದದ್ದು ಹಂಡೆಯ ತಳಕ್ಕೆ ಹಿಡಿದು ಸೀದ ಕರೀ ಸೀಕಲು, ಒಂದು ಹಿಡಿ. ಅದನ್ನು ಮಕ್ಕಳಿಗೆ ಕೊಡುವಂತಿಲ್ಲ, ಎಸೆಯುವಂಥದ್ದು.

"ಇದು ಬೇಕಿತ್ತಾ ಟೀಚರಮ್ಮ? ತಗೊಳ್ಳಿ," ಎಂದು ಮುಂದೆ ಚಾಚಿದಳು.

ಮಾರ್ಚ್ ೨೬

ಅವಳು ಹಂಡೆ ತಿಕ್ಕಿಟ್ಟು ಬರಿಗೈಯಲ್ಲಿ ಹೋದಳು. ನಾನು ಪಟ್ಟಿಯಿಂದ ತಲೆ ಎತ್ತಲಿಲ್ಲ.

ಏಪ್ರಿಲ್ ೧

ನನ್ನ ಮೇಲೆ ನನಗೇ ಅಸಹ್ಯವಾಗಿದೆ. ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ತೂಕದ ದಿನ. ಮೂವತ್ತೊಂದನೇ ನಂಬರು ಬುಟ್ಟಿ ಹತ್ತಲು ಒಪ್ಪಲಿಲ್ಲ. ಕಂಕುಳಿಗೆ ಕೈ ಹಾಕಿ ಎತ್ತಿದೆ, ಮಗು ಚೀರಿತು. ಹತ್ತಿ ತುಂಬಿದ ಅಂಗಿ ಎತ್ತಿ ನೋಡಿದರೆ ಹೊಟ್ಟೆಯ ಮೇಲೆ ಅಂಗೈ ಅಗಲದ ಸುಟ್ಟ ಗಾಯ. ಒಂದು ವಾರದ ಹಳೆಯದು, ಅದರ ಮೇಲೆ ಇವತ್ತಿನ ಹೊಸದು. ಸೊಂಟಕ್ಕೆ ಹಗ್ಗದಲ್ಲಿ ಕಟ್ಟಿದ ತಗಡಿನ ಡಬ್ಬಿ, ಸೈನಿಕರು ಎಸೆದು ಹೋದದ್ದು. ಒಳಗೆ ಇನ್ನೂ ಬಿಸಿ ಗಂಜಿ.

"ಯಾರಿಗೆ ಇದು?"

"ಅಜ್ಜಿಗೆ."

ಉಳಿದವರನ್ನು ಸಾಲಾಗಿ ನಿಲ್ಲಿಸಿ ಅಂಗಿ ಎತ್ತಿಸಿದೆ. ಐವತ್ತೆರಡು ಡಬ್ಬಿಗಳು. ಸೇತುವೆಯ ಕೆಳಗೆ ಗೋಣಿ ಕಟ್ಟಿಕೊಂಡು ಇರುವ ಮುದುಕ ಮುದುಕಿಯರ ಹೊಟ್ಟೆಗೆ ದಿನವೂ ಈ ಡಬ್ಬಿಗಳು ಹೋಗುತ್ತಿದ್ದವು. ನಾಲ್ಕು ವಾರ ನನ್ನ ಕಣ್ಣ ಮುಂದೆಯೇ ನಡೆದಿದೆ. ನಾನು ಮಾತ್ರ ಅಡುಗೆಯವಳ ಗಂಟು ಬಿಚ್ಚಿಸಿದೆ.

ಹುಡುಗಿಯ ಗಾಯಕ್ಕೆ ಡೊಕ್‌ಸು ಅಮ್ಮ ಎಣ್ಣೆ ಸವರಿದಳು. ಅವಳ ಹೆಸರು ಮಾಲ್‌ಸುನ್ ಅಂತೆ. ಕೊನೆಯ ಹುಡುಗಿ ಎಂದರ್ಥ. ಇನ್ನು ಹೆಣ್ಣು ಸಾಕು ಎಂದು ಇಟ್ಟ ಹೆಸರು. ಇಟ್ಟವರು ಯಾರೂ ಈಗಿಲ್ಲ, ಅಜ್ಜಿಯೊಬ್ಬಳನ್ನು ಬಿಟ್ಟು.

ಏಪ್ರಿಲ್ ೨

ಡಬ್ಬಿಗಳನ್ನೆಲ್ಲ ಬಾಗಿಲಲ್ಲೇ ಕಿತ್ತಿಟ್ಟೆ. ಬಟ್ಟಲು ಖಾಲಿಯಾಗುವವರೆಗೆ ಯಾರೂ ಏಳುವಂತಿಲ್ಲ ಎಂದೆ. ಚಿಕ್ಕವು ತಿಂದವು. ದೊಡ್ಡವು ಕೈ ಕಟ್ಟಿ ಕುಳಿತವು. ಬೆದರಿಸಿದೆ, ಬೇಡಿಕೊಂಡೆ. ಗಂಜಿಯ ಮೇಲೆ ಕೆನೆ ಕಟ್ಟಿತು, ಒಬ್ಬರೂ ಚಮಚ ಮುಟ್ಟಲಿಲ್ಲ.

"ಹಸಿವಿಲ್ವೇನೆ ನಿಂಗೆ?" ಎಂದು ಮಾಲ್‌ಸುನ್‌ಳನ್ನು ಕೇಳಿದೆ.

"ಇದೆ."

"ಮತ್ತೆ ತಿನ್ನು."

"ದೊಡ್ಡವ್ರು ಯಾರೂ ಇನ್ನೂ ಚಮಚ ಎತ್ತಿಲ್ಲ," ಎಂದಳು. ಆಮೇಲೆ ತಲೆ ತಗ್ಗಿಸಿ, "ನೀವೇ ಹೇಳ್ಕೊಟ್ಟಿದ್ದು ಟೀಚರಮ್ಮ, ಎರಡನೇ ಕ್ಲಾಸಲ್ಲಿ," ಎಂದಳು.

ಹೌದು. ಹಿರಿಯರು ಚಮಚ ಎತ್ತುವ ಮೊದಲು ಕಿರಿಯರು ಎತ್ತಬಾರದು. ಇಪ್ಪತ್ತಾರು ವರ್ಷ ಕರಿಹಲಗೆಯ ಮೇಲೆ ಬರೆದು ಬಾಯಿಪಾಠ ಮಾಡಿಸಿದ್ದೇನೆ. ತಪ್ಪಿದವರ ಅಂಗೈಗೆ ಬೆತ್ತದಿಂದ ಕೊಟ್ಟೂ ಇದ್ದೇನೆ. ಅವಳು ನನ್ನ ಕ್ಲಾಸಿನಲ್ಲಿದ್ದಳು ಎಂಬುದೇ ನನಗೆ ನೆನಪಿರಲಿಲ್ಲ.

ಏಪ್ರಿಲ್ ೩

ಸೇತುವೆಯ ಕೆಳಗೆ ಹೋದೆ. ಇಪ್ಪತ್ತಮೂರು ಜನ ಮುದುಕರು, ಹೆಚ್ಚಿನವರಿಗೆ ಎರಡು ಮೂರು ಮೊಮ್ಮಕ್ಕಳು. ಡಬ್ಬಿಗಳ ವಿಷಯ, ಪತ್ರದ ವಿಷಯ, ಮಗುವಿನ ಹೊಟ್ಟೆಯ ಗಾಯ ಎಲ್ಲ ಹೇಳಿದೆ. ಮಾಲ್‌ಸುನ್‌ಳ ಅಜ್ಜಿ ಪ್ಯೊನ್ ಬಾಯಿಗೆ ಸೆರಗಿನಂತೆ ಅಂಗಿಯ ತುದಿ ಅಡ್ಡ ಹಿಡಿದು ಅತ್ತಳು. ಡಬ್ಬಿಯನ್ನು ಕೇಂದ್ರದವರೇ ಕೊಡುತ್ತಾರೆ ಎಂದು ಹುಡುಗಿ ಅವಳಿಗೆ ಹೇಳಿದ್ದಳಂತೆ.

"ತಿನ್ನಿ ಅಂತ ನೀವೇ ಮಕ್ಕಳಿಗೆ ಹೇಳಿ," ಎಂದೆ.

ಗುಂಪಿನಲ್ಲಿ ಯೊಮ್ ತಾತ ಎನ್ನುವವರಿದ್ದರು. ಕುದುರೆಯ ಬಾಲದ ಕೂದಲಿನಿಂದ ಕರೀ ಟೋಪಿ ಹೆಣೆಯುತ್ತಿದ್ದವರು. ಗೋಣಿ ಹೊದ್ದಿದ್ದರೂ ತಲೆಯ ಮೇಲೆ ಟೋಪಿ ನೆಟ್ಟಗಿತ್ತು. ಅವರು ತಲೆಯಾಡಿಸಿದರು.

"ಹೇಳಿದ್ರೆ ಕೇಳ್ತಾರೇನಮ್ಮ? ನಾವು ಉಪವಾಸ ಅಂತ ಅವಕ್ಕೆ ಗೊತ್ತು. ಯಾರಾದ್ರೂ ಹೋಗಿ ಕೂತ್ಕೋಬೇಕು."

"ದೊಡ್ಡವರಿಗೆ ಒಂದು ಚಮಚವೂ ಕೊಡುವಂತಿಲ್ಲ ತಾತ."

"ನಾನೆಲ್ಲಿ ಗಂಜಿ ಕೇಳ್ದೆ? ಒಂದು ಬಟ್ಟಲು ಕೊಡು. ಆಳವಾಗಿರ್ಲಿ."

ಏಪ್ರಿಲ್ ೪

ಯೊಮ್ ತಾತ ಬಂದು ಚಾಪೆಯ ತಲೆಗೆ ಕುಳಿತರು. ಡೊಕ್‌ಸು ಅಮ್ಮ ಅವರ ಮುಂದೆ ಕರೀ ಮಣ್ಣಿನ ಬಟ್ಟಲಿಟ್ಟಳು. ಒಳಗೆ ಏನೂ ಇರಲಿಲ್ಲ. ಅದು ಗೊತ್ತಿದ್ದದ್ದು ನಮ್ಮ ಮೂವರಿಗೆ ಮಾತ್ರ.

ಅವರು ಗಂಟಲು ಸರಿಮಾಡಿಕೊಂಡು ಚಮಚವನ್ನು ಬಟ್ಟಲಿಗೆ ಇಳಿಸಿದರು, ಎತ್ತಿದರು, ಊದಿದರು, ಬಾಯಿಗಿಟ್ಟು ನುಂಗಿದರು. ಗಂಟಲ ಗಂಟು ಮೇಲೆ ಹೋಗಿ ಕೆಳಗೆ ಬಂತು. "ಉಪ್ಪು ಹದವಾಗಿದೆ," ಎಂದರು.

ಎಂಬತ್ತು ಚಮಚಗಳು ಒಟ್ಟಿಗೆ ಬಟ್ಟಲಿಗೆ ತಾಗಿದ ಸದ್ದು ಕೇಳಿತು. ನಾನು ಹೆಂಡ ಹುಳಿಸುತ್ತಿದ್ದ ದೊಡ್ಡ ಮಣ್ಣಿನ ಹರವಿಗಳ ಹಿಂದೆ ಹೋಗಿ ಮುಖ ಒರೆಸಿಕೊಂಡೆ.

ದೊಡ್ಡವರು ಒಳಗೆ ಬರಬಾರದು ಎಂಬ ನಿಯಮ ಮುರಿದಿದ್ದೇನೆ. ಗಂಜಿಯನ್ನಂತೂ ಕೊಟ್ಟಿಲ್ಲ. ಅರ್ಧ ತಪ್ಪು ಎಂದು ಬರೆದಿಡುತ್ತೇನೆ.

ಏಪ್ರಿಲ್ ೧೫

ತೂಕ ಏರಿದೆ. ಎರಡನೇ ವಾರವೂ ಏರಿದೆ. ಮಾಲ್‌ಸುನ್ ಏರಿದ್ದು ಒಂದು ಕಿಲೋಗೆ ಸ್ವಲ್ಪ ಕಡಿಮೆ. ಸಾಂಗ್‌ಗು ಎಂಬ ಕೆಮ್ಮಿನ ಹುಡುಗನದ್ದು ಕಿಲೋ ದಾಟಿದೆ. ಎಲ್ಲರಿಗಿಂತ ಚಿಕ್ಕ ಅವಳಿ ಮಕ್ಕಳು ಬುಟ್ಟಿಯೊಳಗೆ ಕುಣಿದು ತಕ್ಕಡಿಯನ್ನೇ ಕೆಡವುತ್ತಿದ್ದವು.

ಡೊಕ್‌ಸು ಅಮ್ಮ ಹೊಳೆಯ ದಂಡೆಯಿಂದ ಎಳೇ ಮಾಚಿಪತ್ರೆ ಸೊಪ್ಪು ಕಿತ್ತು ತಂದು ಗಂಜಿಗೆ ಹಾಕುತ್ತಿದ್ದಾಳೆ. ಸೇತುವೆಯ ಕೆಳಗಿನವರೂ ಅದನ್ನೇ ಬೇಯಿಸಿ ಜೀವ ಹಿಡಿದಿದ್ದಾರೆ. ಸೊಪ್ಪು ಬಿಡಿಸಲು ನಾನೂ ಕುಳಿತೆ. "ಅವತ್ತು ನಿನ್ನ ಗಂಟು ಬಿಚ್ಚಿಸಿದ್ದು ತಪ್ಪಾಯ್ತು," ಎಂದೆ.

"ಆಯ್ತು ಬಿಡಿ. ಬೇರು ಕಿತ್ತು ಹಾಕಿ, ಮಣ್ಣಿರುತ್ತೆ," ಎಂದಳು. ಬಿಡಿಸಿದ ಸೊಪ್ಪನ್ನು ನೀರಿಗೆ ಹಾಕುತ್ತ, "ಮಕ್ಳು ಹೊರಗೆ ಒಯ್ದ್ರು ಅಂತ ಬೈದ್ರಿ. ನೀವೂ ದಿನಾ ಬಟ್ಲು ಮುಚ್ಕೊಂಡು ಒಯ್ತೀರಲ್ಲ," ಎಂದಳು.

ತಲೆ ತಗ್ಗಿಸಿ ಸೊಪ್ಪು ಬಿಡಿಸಿದೆ.

ಏಪ್ರಿಲ್ ೧೯

ಯೊಮ್ ತಾತನಿಗೆ ಈಗ ಸೇತುವೆಯಿಂದ ಇಲ್ಲಿಗೆ ಬರಲು ಎರಡು ಕಡೆ ಕೂರಬೇಕು. ಚಮಚವನ್ನು ಎರಡೂ ಕೈಯಲ್ಲಿ ಹಿಡಿದು ಎತ್ತುತ್ತಾರೆ. ಆದರೂ ದಿನಕ್ಕೊಂದು ಹೊಸ ಮಾತು. ನಿನ್ನೆ "ಇವತ್ತು ಸ್ವಲ್ಪ ನೀರಾಯ್ತು" ಎಂದು ಡೊಕ್‌ಸು ಅಮ್ಮನನ್ನು ಗದರಿಸಿದರು. ಅವಳು ಸೌಟು ಹಿಡಿದು, "ಖಾಲಿ ಬಟ್ಲಲ್ಲೂ ತಪ್ಪು ಹುಡುಕೋ ಗಂಡಸ್ರು," ಎಂದು ಗೊಣಗಿದಳು.

ಇವತ್ತು ಮಾಲ್‌ಸುನ್ ಎಲ್ಲರಿಗಿಂತ ಮೊದಲು ತಿಂದು ಎದ್ದಳು. ಬಾಯಿ ಸುಟ್ಟುಕೊಂಡಿದ್ದಳು. ಅಷ್ಟು ಅವಸರ ಏಕೆ ಎಂದು ಕೇಳಿದೆ.

"ನಾವು ಬೇಗ ತಿಂದು ಮುಗಿಸಿದ್ರೆ ತಾತ ಬೇಗ ನಿಲ್ಲಿಸಬಹುದಲ್ಲ."

"ಏನನ್ನ ನಿಲ್ಲಿಸೋದು?"

ಅವಳು ನನ್ನನ್ನು ದಡ್ಡ ವಿದ್ಯಾರ್ಥಿಯನ್ನು ನೋಡುವಂತೆ ನೋಡಿದಳು. "ತಾತನ ಬಟ್ಟಲಿಂದ ಹಬೆ ಬರಲ್ಲ ಟೀಚರಮ್ಮ. ಮೊದಲ ದಿನದಿಂದ್ಲೂ ಬಂದಿಲ್ಲ. ಎಲ್ಲರಿಗೂ ಗೊತ್ತು."

"ಗೊತ್ತಿದ್ದೂ ತಿಂದ್ರಾ?"

"ಅಷ್ಟು ಕಷ್ಟಪಟ್ಟು ತಿಂತಾರಲ್ಲ ಅವ್ರು. ತಿನ್ನದಿದ್ರೆ ಬೇಜಾರಾಗಲ್ವಾ?"

ಏಪ್ರಿಲ್ ೨೦

ನನ್ನ ಪಾಲಿನ ಗಂಜಿಯನ್ನು ತಾತನ ಬಟ್ಟಲಿಗೆ ಸುರಿದೆ. ಅವರು ನೋಡಿ ಚಮಚ ಕೆಳಗಿಟ್ಟರು. "ಇದು ಯಾರದ್ದು?" ಎಂದು ಮೆಲ್ಲಗೆ ಕೇಳಿದರು.

"ನಂದು. ಕೆಲಸದವರಿಗೆ ಒಂದು ಬಟ್ಟಲಿದೆ."

"ನಿಂದಲ್ಲ. ಮಗನಿಗೆ ಅಂತ ಎತ್ತಿಡ್ತೀಯಂತೆ, ಆ ಅಡುಗೆಯವಳು ಹೇಳಿದ್ಲು."

"ಅವನಿಗೂ ಎಲ್ಲೋ ಯಾರೋ ಹಾಕ್ತಿರಬಹುದು ತಾತ. ಹಬೆ ಹೋಗೋದರೊಳಗೆ ತಿನ್ನಿ."

ಬಟ್ಟಲಿಂದ ಹಬೆ ಏಳುವುದನ್ನು ಮಕ್ಕಳೆಲ್ಲ ಕತ್ತು ಉದ್ದ ಮಾಡಿ ನೋಡಿದವು. ಇವತ್ತು ಯಾರೂ ಅವಸರ ಮಾಡಲಿಲ್ಲ. ತಾತ ತಿಂದು ಮುಗಿಸಿದ್ದು ಎಲ್ಲರಿಗಿಂತ ಕೊನೆಗೆ, ಮತ್ತು ಇವತ್ತು ಉಪ್ಪಿನ ಬಗ್ಗೆ ಏನೂ ಹೇಳಲಿಲ್ಲ.

ಮನೆಯಲ್ಲಿ ಬಟ್ಟಲಿಗೆ ಮುಚ್ಚುತ್ತಿದ್ದ ಹೊದಿಕೆ ಖಾಲಿಯಾಗಿ ಮಡಚಿಕೊಂಡಿದೆ. ಡೊಕ್‌ಸು ಅಮ್ಮ ಕೊಟ್ಟ ಸೀಕಲನ್ನು ತಣ್ಣೀರಲ್ಲಿ ನೆನೆಸಿ ತಿಂದೆ. ಜಗಿಯಲು ಹಲ್ಲು ಗಟ್ಟಿ ಬೇಕು.

ಏಪ್ರಿಲ್ ೨೫

ಉತ್ತರದಿಂದ ಫಿರಂಗಿಯ ಸದ್ದು ಬೆಳಗಿನಿಂದ ನಿಂತಿಲ್ಲ. ಜನ ಗಂಟು ಹೊತ್ತು ದಕ್ಷಿಣಕ್ಕೆ ಹೋಗುತ್ತಿದ್ದಾರೆ. ಸೇತುವೆಯ ಮೇಲೆ ಲಾರಿಗಟ್ಟಲೆ ಗಾಯಾಳುಗಳು. ಮೊದಲೆಲ್ಲ ಪ್ರತಿ ಲಾರಿಯಲ್ಲೂ ಮಗನ ಮುಖ ಹುಡುಕುತ್ತಿದ್ದೆ. ಇವತ್ತು ಮಕ್ಕಳನ್ನು ಎಣಿಸುವುದರಲ್ಲೇ ಹೊತ್ತು ಹೋಯಿತು.

ಗಂಜಿಯ ಹೊತ್ತಿಗೆ ವಿಮಾನಗಳು ಬಂದವು. ಮಕ್ಕಳು ಬಾಗಿಲಿಗೆ ನುಗ್ಗಿದ್ದರೆ ತುಳಿದಾಟವಾಗುತ್ತಿತ್ತು. ಯೊಮ್ ತಾತ ಕುಳಿತಲ್ಲಿಂದಲೇ, "ಹರವಿ ಹಿಂದೆ. ಚಿಕ್ಕವ್ರು ಒಳಗಡೆ, ದೊಡ್ಡವ್ರು ಹೊರಗಡೆ. ಬಟ್ಲು ತಲೆ ಮೇಲೆ," ಎಂದರು. ಅವರು ಎದ್ದ ಮೇಲೆ ಎಲ್ಲರೂ ಎದ್ದರು, ಸಾಲಾಗಿ. ಬಾಂಬು ಹೊಳೆಯಾಚೆ ಬಿತ್ತು. ಹರವಿಯೊಂದು ಸೀಳಿತು. ಮಕ್ಕಳು ಎಂಬತ್ತೂ ಇವೆ. ಎರಡು ಸಲ ಎಣಿಸಿದೆ.

ಏಪ್ರಿಲ್ ೨೮

ರಸ್ತೆ ಮುಚ್ಚಿದೆ, ಲಾರಿ ಬಂದಿಲ್ಲ, ಚೀಲ ಖಾಲಿ. ಬಿಸಿನೀರಿಗೆ ಉಪ್ಪು, ಮಾಚಿಪತ್ರೆ. ಅದಕ್ಕೂ ತಾತನೇ ಮೊದಲು.

ಊರು ಬಿಟ್ಟು ಹೋಗೋಣವೇ ಎಂದು ಡೊಕ್‌ಸು ಅಮ್ಮನನ್ನು ಕೇಳಿದೆ. "ಎಂಬತ್ತು ಮಕ್ಳು, ಇಪ್ಪತ್ತಮೂರು ಮುದುಕ್ರು. ಯಾರನ್ನ ಹೊರ್ತೀರಿ, ಯಾರನ್ನ ಬಿಡ್ತೀರಿ?" ಎಂದಳು. ಒಲೆಗೆ ಕಟ್ಟಿಗೆ ಹಾಕಿದಳು. ನಾನೂ ನೀರು ತಂದೆ.

ಮೇ ೩

ದೀಪದ ಎಣ್ಣೆ ಮುಗಿಯುತ್ತ ಬಂದಿದೆ. ಆದರೂ ಬರೆಯದೆ ಮಲಗಲಾರೆ.

ಎರಡು ದಿನದಿಂದ ಫಿರಂಗಿಯ ಸದ್ದು ದೂರ ಸರಿದಿತ್ತು. ಬೆಳಗ್ಗೆ ಬಿಳಿ ಬಾವುಟದ ಲಾರಿ ಸೇತುವೆ ದಾಟಿತು. ಮಕ್ಕಳು ಅದರ ಹಿಂದೆಯೇ ಓಡಿ ಬಂದರು. ಹದಿನೆಂಟು ಚೀಲ ಬಾರ್ಲಿ. ಚೀಲಗಳ ಮೇಲೆ ಪರಿಹಾರ ಕಚೇರಿಯ ಸಾಹೇಬರು, ಪಕ್ಕದಲ್ಲಿ ಅನುವಾದಕ ಕ್ವಾಕ್, ಇಪ್ಪತ್ತೆರಡರ ಹುಡುಗ. ಪತ್ರದಲ್ಲಿ ಬರೆದಿದ್ದ ತೂಕದ ಲೆಕ್ಕ ನೋಡಲು ಬಂದಿದ್ದರು.

ಗಂಜಿ ಆಗುವವರೆಗೆ ಇಬ್ಬರೂ ಹೊರಗೆ ಚೀಲ ಇಳಿಸಿದರು. ಬಡಿಸಿದ ಮೇಲೆ ಸಾಹೇಬರು ಒಳಗೆ ಬಂದು ಮೊದಲು ಕಂಡದ್ದು ಚಾಪೆಯ ತಲೆಯಲ್ಲಿ ಟೋಪಿ ಹಾಕಿ ಕುಳಿತ ಯೊಮ್ ತಾತನನ್ನು, ಮತ್ತು ಅವರ ಮುಂದಿನ ಗಂಜಿಯನ್ನು. ಬಾಗಿಲ ಮೇಲಿನ ಕಾಗದಕ್ಕೆ ಬೆರಳಿಟ್ಟರು.

"ದೊಡ್ಡವರು ಇಲ್ಲಿ ಯಾಕಿದ್ದಾರೆ ಅಂತ ಕೇಳ್ತಿದಾರೆ," ಎಂದ ಕ್ವಾಕ್. "ಅದು ಯಾರ ಪಾಲಿನ ಗಂಜಿ ಅಂತಾನೂ."

"ನನ್ನದು. ನಿಯಮ ಮುರಿದವಳೂ ನಾನೇ. ಆದರೆ ಅವರನ್ನು ಎಬ್ಬಿಸಿದರೆ ಎಂಬತ್ತು ಬಟ್ಟಲೂ ತಣ್ಣಗಾಗುತ್ತವೆ ಅಂತ ಹೇಳು."

ಅವನು ಹೇಳಿದ. ಸಾಹೇಬರು ನಂಬಿದಂತೆ ಕಾಣಲಿಲ್ಲ. ಡೊಕ್‌ಸು ಅಮ್ಮ ಏನು ಯೋಚಿಸಿದಳೋ, ಇಬ್ಬರಿಗೂ ಒಂದೊಂದು ಬಟ್ಟಲು ತಂದು ಚಾಪೆಯ ಮೇಲಿಟ್ಟಳು. ಸಾಹೇಬರು ಉದ್ದ ಕಾಲುಗಳನ್ನು ಹೇಗೋ ಮಡಚಿ ಕುಳಿತರು. ಒಳ್ಳೆಯ ಮನಸ್ಸಿನಿಂದಲೇ ನಕ್ಕು, ಚಮಚ ಎತ್ತಿ ಬಾಯಿಯ ಹತ್ತಿರ ತಂದರು.

ಎಂಬತ್ತು ಮುಖಗಳು ಅವರ ಕಡೆ ತಿರುಗಿದವು. ಮಾಲ್‌ಸುನ್ ಬಾಯಿಯ ಮೇಲೆ ಕೈ ಇಟ್ಟುಕೊಂಡಳು. ಚಿಕ್ಕ ಅವಳಿಗಳಲ್ಲೊಂದು, "ಪಾಪ, ಅವ್ರಿಗೆ ಯಾರೂ ಹೇಳ್ಕೊಟ್ಟಿಲ್ಲ," ಎಂದಿತು.

ಚಮಚ ಅಲ್ಲೇ ನಿಂತಿತು. ಸಾಹೇಬರು ಸುತ್ತ ನೋಡಿದರು. ಯಾವ ಬಟ್ಟಲಿನಲ್ಲೂ ಚಮಚ ಅಲುಗಿರಲಿಲ್ಲ. ಪಕ್ಕಕ್ಕೆ ತಿರುಗಿದರೆ ಕ್ವಾಕ್ ಕೂಡ ಕೈ ತೊಡೆಯ ಮೇಲಿಟ್ಟು ಕಾಯುತ್ತಿದ್ದ. ಮೂರು ದಿನದ ಲಾರಿ ಪ್ರಯಾಣದ ಹಸಿವು ಅವನ ಮುಖದಲ್ಲೇ ಇತ್ತು, ಕಿವಿ ಕೆಂಪಾಗಿತ್ತು. ಅವನು ಏನೋ ಪಿಸುಗುಟ್ಟಿದ. ಸಾಹೇಬರು ಚಮಚವನ್ನು ಮೆಲ್ಲಗೆ ಬಟ್ಟಲಿಗೆ ವಾಪಸು ಇಳಿಸಿದರು.

ಯೊಮ್ ತಾತ ಅವಸರ ಮಾಡಲಿಲ್ಲ. ಟೋಪಿ ಸರಿಮಾಡಿಕೊಂಡರು, ಗಂಟಲು ಸರಿಮಾಡಿಕೊಂಡರು, ಚಮಚ ಎತ್ತಿ ಬಾಯಿಗಿಟ್ಟರು. ಆಮೇಲೆ ಸಾಹೇಬರ ಕಡೆ ನೋಡಿ, "ಹೂಂ, ಈಗ ತಿನ್ನಪ್ಪ," ಎಂದರು. ಅದನ್ನು ಅನುವಾದಿಸಬೇಕಾಗಲಿಲ್ಲ.

ತಿಂದ ಮೇಲೆ ಸಾಹೇಬರು ತೂಕದ ಪುಸ್ತಕ ಕೇಳಿದರು. ಏಪ್ರಿಲ್ ನಾಲ್ಕರ ನಂತರ ಅಂಕಿಗಳು ಮೇಲೇರುವ ಜಾಗದಲ್ಲಿ ಬೆರಳು ನಿಲ್ಲಿಸಿ ಏನೋ ಕೇಳಿದರು. ಕ್ವಾಕ್ ಯೊಮ್ ತಾತನ ಕಡೆ ಕೈ ತೋರಿಸಿದ. ಹಿಂದಿನ ಪುಟದ ಐವತ್ತೆರಡು ಡಬ್ಬಿಗಳ ಕಥೆಯನ್ನೂ ಹೇಳಿದೆ, ಮಾಲ್‌ಸುನ್‌ಳ ಗಾಯವನ್ನೂ ಹೇಳಿದೆ. ನನ್ನ ತಪ್ಪನ್ನೂ ಬಿಡಲಿಲ್ಲ.

"ಇವರನ್ನು ಯಾವ ಕೆಲಸ ಅಂತ ಬರ್ಕೊಳ್ಲಿ ಅಂತ ಕೇಳ್ತಿದಾರೆ," ಎಂದ ಕ್ವಾಕ್.

"ಮೊದಲ ಚಮಚ ಅಂತ ಬರೆಯಲಿ."

ಎರಡು ಪದಕ್ಕೆ ಅವನು ಅಷ್ಟುದ್ದದ ಅನುವಾದ ಹೇಗೆ ಮಾಡಿದನೋ ತಿಳಿಯದು. ಸಾಹೇಬರು ಬರೆದುಕೊಂಡರು. ಆಮೇಲೆ ಇನ್ನೊಂದು ಹೊಸ ಹಾಳೆ ತೆಗೆದು, ಸೇತುವೆಯ ಕೆಳಗೆ ಇಂಥವರು ಎಷ್ಟು ಜನ, ಹೆಸರು ವಯಸ್ಸು ಹೇಳಿ ಎಂದರು. ಎಲ್ಲ ಹೆಸರೂ ನನ್ನ ಬಾಯಿಗೆ ಬಂದವು.

ಮೇ ೧೭

ಹಿರಿಯರ ಪಾಲಿನ ಚೀಲಗಳು ನಿನ್ನೆ ಬಂದವು. ಬಾಗಿಲಿನ ಕಾಗದದಲ್ಲಿ ಮೊದಲ ನಿಯಮದ ಕೆಳಗೆ ಒಂದು ಸಾಲು ಹೆಚ್ಚಾಗಿದೆ. ಇವತ್ತು ಇಪ್ಪತ್ತಮೂರು ಜನರೂ ಒಳಗೆ ಬಂದು ಚಾಪೆಯ ತಲೆಯ ಕಡೆ ಕುಳಿತರು.

ಕುಳಿತ ಕೂಡಲೇ ಜಗಳ ಶುರುವಾಯಿತು. ಯೊಮ್ ತಾತನಿಗೆ ಎಪ್ಪತ್ತೊಂದು. ಪ್ಯೊನ್ ಅಜ್ಜಿಗೂ ಎಪ್ಪತ್ತೊಂದು. ತಾತ ಹುಟ್ಟಿದ್ದು ಮೂರನೇ ತಿಂಗಳಲ್ಲಿ, ಅಜ್ಜಿ ಮೊದಲನೇ ತಿಂಗಳಲ್ಲಿ. "ಇಷ್ಟು ದಿನ ನನಗಿಂತ ಚಿಕ್ಕೋನು ನನ್ನ ಮೊಮ್ಮಗಳಿಗೆ ಹಿರೇತನ ಮಾಡ್ದ," ಎಂದು ಅಜ್ಜಿ ಬೊಚ್ಚು ಬಾಯಲ್ಲಿ ನಕ್ಕಳು. ತಾತ ಸಾಕ್ಷಿ ಕೇಳಿದರು. ಅಜ್ಜಿಗೆ ಸಾಕ್ಷಿ ಹೇಳಲು ಮೂವರು ಮುದುಕಿಯರು ಎದ್ದರು. ಗಂಜಿ ಆರುತ್ತಿದೆ ಎಂದು ಡೊಕ್‌ಸು ಅಮ್ಮ ಸೌಟಿನಿಂದ ಹಂಡೆ ಬಡಿದಳು. ಕೊನೆಗೆ ತಾತ ಟೋಪಿ ಮುಟ್ಟಿಕೊಂಡು, "ಎತ್ತು ಅಕ್ಕಾ," ಎಂದರು. ಅಜ್ಜಿ ಎತ್ತಿದಳು. ಮಾಲ್‌ಸುನ್‌ಳ ಮುಖ ನೋಡಬೇಕಿತ್ತು.

ನಾನು ಯಾವತ್ತಿನಂತೆ ಪಟ್ಟಿ ಹಿಡಿದು ಬಾಗಿಲ ಬಳಿ ನಿಂತಿದ್ದೆ. ಎಲ್ಲರೂ ತಿನ್ನುತ್ತಿದ್ದರು. ಮಾಲ್‌ಸುನ್ ಮಾತ್ರ ಕೈ ಕಟ್ಟಿ ಕುಳಿತಿದ್ದಳು.

"ಮತ್ತೇನೇ? ಅಜ್ಜಿ ಎತ್ತಾಯ್ತಲ್ಲ."

"ಟೀಚರಮ್ಮ ಇನ್ನೂ ಎತ್ತಿಲ್ಲ."

"ನಾನು ಆಮೇಲೆ ತಿಂತೀನಿ. ಮನೇಲಿ."

"ಹಂಗಾದ್ರೆ ನಾನೂ ಆಮೇಲೆ."

ಡೊಕ್‌ಸು ಅಮ್ಮ ಬಟ್ಟಲು ತುಂಬಿಸಿ ತಂದು ಮಾಲ್‌ಸುನ್‌ಳ ಪಕ್ಕದಲ್ಲಿಟ್ಟಳು. "ಕೂತ್ಕೊಳ್ಳಿ ಟೀಚರಮ್ಮ. ನಿಮ್ ಜುನ್‌ಹಾ ಬಂದ್ರೆ ತಣ್ಣಗಿರೋದು ಯಾಕೆ, ಹೊಸದಾಗಿ ಕುದಿಸಿ ಹಾಕೋಣ. ಒಲೆ ಏನೂ ಆರಲ್ಲ."

ಪಟ್ಟಿಯನ್ನು ಹರವಿಯ ಮೇಲಿಟ್ಟು ಕುಳಿತೆ. ಮಗು ನನ್ನ ಕೈಯನ್ನೇ ನೋಡುತ್ತಿತ್ತು. ಚಮಚ ಎತ್ತಿ ಬಾಯಿಗಿಟ್ಟೆ. ಬಿಸಿ ಗಂಜಿ ತಿಂದು ಎಷ್ಟು ತಿಂಗಳಾಗಿತ್ತೋ, ಊದಬೇಕೆಂಬುದೇ ಮರೆತುಹೋಗಿತ್ತು. ನಾಲಿಗೆ ಸುಟ್ಟು ಕಣ್ಣಲ್ಲಿ ನೀರು ಬಂತು.

"ಊದ್ಕೊಂಡು ತಿನ್ನಿ ಟೀಚರಮ್ಮ," ಎಂದು ಹೇಳಿ ಮಾಲ್‌ಸುನ್ ತನ್ನ ಚಮಚ ಎತ್ತಿದಳು.